ದೋಹಾ ಡೈರಿ – 27: ಹೊಯ್ಡನೂ ಜಾಂಬವಂತನೂ

ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಬರುವಾಗ ನನಗೂ ಫಿಲಿಪೀನ್ಸಿನ ಗೆಳತಿಗೂ ದಿನಾ ಒಂದೇ ಚರ್ಚೆ ಮಾರಾಯ್ರೆ: ಈ ಹೊಯ್ಡ್ ಯಾರು? ಬ್ರ್ಯಾಂಡನ್ ಸ್ಯಾಂಡರ್ಸನ್ ಕಾದಂಬರಿಗಳಲ್ಲಿ ಲೋಕ ಬೇರೆ ಬೇರೆ, ಮಾಯೆಯ ನಿಯಮವೂ ಬೇರೆ. 'ಮಿಸ್ಟ್‌ಬಾರ್ನ್'ನಲ್ಲಿ ಹುಟ್ಟಿನಿಂದ ವರ ಇದ್ದವರು ಲೋಹದ ಚೂರು ನುಂಗುತ್ತಾರೆ. ಉಕ್ಕು ನುಂಗಿದರೆ ಎದುರಿನ ಲೋಹವನ್ನು ತಳ್ಳಬಹುದು, ಕಬ್ಬಿಣವಾದರೆ ಎಳೆಯಬಹುದು. (ಎಂಆರ್‌ಐ ರೂಮಿಗೆ ಇವರನ್ನು ಬಿಡುವ ಹಾಗೇ ಇಲ್ಲ!) ಹೊಯ್ಡ್ ಮಾತ್ರ ಎಲ್ಲ ಕಡೆ ಹಾಜರು. ಅಲ್ಲಿ ಭಿಕ್ಷುಕ, 'ದ ವೇ ಆಫ್ ಕಿಂಗ್ಸ್'ನಲ್ಲಿ ರಾಜನ ವಿದೂಷಕ.

ಅಮ್ಮ ಹೋದ ಮೇಲೆ ಅಪ್ಪನ ಫೋನು ಎರಡೇ ಮಾತು: "ಊಟ ಆಯ್ತಾ? ಇಡ್ತೇನೆ." ಮೊನ್ನೆ ಬೇರೇನೂ ತೋಚದೆ ಹೊಯ್ಡನ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಳೇ ತಾಳಮದ್ದಳೆಯ ದನಿ ಬಂತು ನೋಡಿ!

"ಜಾಂಬವಂತ ರಾಮಾಯಣದಲ್ಲೂ ಇದ್ದ, ಮತ್ತೆ ಕೃಷ್ಣನ ಹತ್ತಿರ 28 ದಿನ ಕಾದಾಡಿದ. ಯಾಕೆ? ರಾಮನ ಕಾಲದಲ್ಲಿ ಯುದ್ಧದ ಆಸೆ ತೀರಿರಲಿಲ್ಲ. ನಿನ್ನ ಹೊಯ್ಡನಿಗೂ ತೀರದ್ದು ಏನೋ ಉಂಟು ಮಗಾ, ಅದನ್ನು ಹುಡುಕು."

ಗೆಳತಿಗೆ ಹೇಳಿದೆ, ಅವಳು ಒಪ್ಪಲಿಲ್ಲ. ಅವಳ ವಾದವನ್ನು ಅಪ್ಪನಿಗೆ ಮುಟ್ಟಿಸಬೇಕು ಅಂದುಕೊಳ್ಳುವಷ್ಟರಲ್ಲಿ ನಿನ್ನೆ ಅವರೇ ಫೋನ್ ಮಾಡಿದರು. 40 ನಿಮಿಷ! ಊಟ ಆಯ್ತಾ ಅಂತ ಕೇಳಲಿಕ್ಕೇ ಮರೆತುಬಿಟ್ಟರು.