ಕಾಸೆಲ್: ಮಲತಾಯಿ ಹುಟ್ಟಿದ ಊರು

ಜರ್ಮನಿಗೆ ಹೋಗಿ ಬಂದೆ ಎಂದರೆ ನಮ್ಮ ಸಂಘದ ಗೆಳತಿಯರು ಕೇಳುವುದು ರೈನ್ ನದಿಯ ದೋಣಿವಿಹಾರ, ಹೆಚ್ಚೆಂದರೆ ಕೊಲೋನ್ ನಗರದ ದೊಡ್ಡ ಚರ್ಚು. ಕಾಸೆಲ್ ನೋಡಿದೆ ಎಂದರೆ, "ಅದೆಲ್ಲಿದೆ?" ಎನ್ನುತ್ತಾರೆ. ನನಗಾದರೂ ಎಲ್ಲಿ ಗೊತ್ತಿತ್ತು? 2024ರ ಮೇ ತಿಂಗಳ ಒಂದು ಶನಿವಾರ, ಫ್ರಾಂಕ್‌ಫರ್ಟಿನಲ್ಲಿ ಕೆಲಸದಲ್ಲಿರುವ ಮಗಳು, "ಚಿಕ್ಕಮ್ಮಾ, ಇವತ್ತು ನಿನ್ನನ್ನ ಒಂದು ಕಡೆ ಕರ್ಕೊಂಡು ಹೋಗ್ತೀನಿ, ಬುತ್ತಿ ಕಟ್ಟು" ಎಂದಳು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ರೈಲು ಹತ್ತಿದೆವು. ಸುಮಾರು ಒಂದೂವರೆ ಗಂಟೆಯ ಹಾದಿ.

ಹೌದು, ಮಗಳು ನನ್ನನ್ನು ಕರೆಯುವುದು ಚಿಕ್ಕಮ್ಮ ಎಂದೇ. ನಾನು ಅವಳ ತಂದೆಗೆ ಎರಡನೆಯ ಹೆಂಡತಿ. ಪುಣೆಯ ಮನೆಗೆ ನಾನು ಕಾಲಿಟ್ಟಾಗ ಅವಳಿಗೆ ಆರು ವರ್ಷ. ಎರಡನೆಯ ವಾರವೇ ಶಾಲೆಯಿಂದ ಸ್ನೋ ವೈಟ್ ಕಥೆಯ ಪುಸ್ತಕ ತಂದು, ಓದಿ ಹೇಳು ಎಂದಳು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳಿಗೆ ಅದೇನು ಕಷ್ಟ? ಆದರೆ 'ಸ್ಟೆಪ್‌ಮದರ್' ಎಂಬ ಪದ ಬಂದಾಗ ನಾಲಿಗೆ ತಡೆಯಿತು. "ಒಬ್ಬ ರಾಣಿ" ಎಂದು ಹೇಳಿ ದಾಟಿಸಿಬಿಟ್ಟೆ. ಮಾರನೆಯ ದಿನ ಯಾರೋ ಮಗುವಿಗೆ ಅರ್ಥ ಬಿಡಿಸಿ ಹೇಳಿದ್ದರು. ರಾತ್ರಿ ಸೇಬು ಹೆಚ್ಚಿ ತಟ್ಟೆಯಲ್ಲಿಟ್ಟರೆ ಮುಟ್ಟಲಿಲ್ಲ. ನಾನೊಂದು ಹೋಳು ತಿಂದು ತೋರಿಸಿದ ಮೇಲೆಯೇ ಅವಳು ತಿಂದದ್ದು.

ಕಾಸೆಲ್ ಎಂದರೆ ಯಾಕೋಬ್ ಮತ್ತು ವಿಲ್‌ಹೆಲ್ಮ್ ಗ್ರಿಮ್ ಸಹೋದರರ ಊರು. ಹುಟ್ಟಿದ್ದು ಬೇರೆಡೆಯಾದರೂ ಓದು, ಗ್ರಂಥಾಲಯದ ನೌಕರಿ, ಕಥೆಗಳ ಸಂಗ್ರಹ ಎಲ್ಲ ನಡೆದದ್ದು ಇಲ್ಲಿ. ಆದರೆ ಅವರು ಓಡಾಡಿದ ಹಳೆಯ ಊರನ್ನು ಹುಡುಕಿದರೆ ಸಿಕ್ಕುವುದಿಲ್ಲ. 1943ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ಅದು ಉರಿದುಹೋಯಿತು. ಈಗ ಟ್ರಾಮಿನ ಎರಡೂ ಬದಿಗೆ ಯುದ್ಧಾನಂತರದ ಚೌಕಟ್ಟಾದ ಕಟ್ಟಡಗಳು. ಅವುಗಳ ನಡುವೆ ವೈನ್‌ಬೆರ್ಗ್ ಎಂಬ ದಿಣ್ಣೆಯ ಮೇಲೆ 2015ರಲ್ಲಿ ತೆರೆದ 'ಗ್ರಿಮ್‌ವೆಲ್ಟ್' ವಸ್ತುಸಂಗ್ರಹಾಲಯವಿದೆ. ಅಲ್ಲಿಯೇ ನಮ್ಮ ಮೊದಲ ನಿಲ್ದಾಣ.

ಮಕ್ಕಳ ಗಲಾಟೆಯನ್ನು ದಾಟಿ ಮಗಳು ನನ್ನನ್ನು ಸೀದಾ ಕರೆದೊಯ್ದದ್ದು ಕಥಾಸಂಗ್ರಹದ ಹಳೆಯ ಪ್ರತಿಗಳ ಮುಂದೆ. ಸಹೋದರರು ತಾವೇ ಬಳಸುತ್ತಿದ್ದ, ಅಂಚಿನಲ್ಲಿ ಕೈಬರಹದ ಟಿಪ್ಪಣಿಗಳಿರುವ ಪ್ರತಿಗಳು. 2005ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. "ಈ ತಿದ್ದುಪಡಿಗಳ ಕಥೆಯೇ ನಾನು ಹೇಳಬೇಕಾಗಿದ್ದು" ಎಂದಳು ಮಗಳು.

ಮೊದಲ ಆವೃತ್ತಿಯ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅದರಲ್ಲಿ ಸ್ನೋ ವೈಟಳನ್ನು ಕೊಲ್ಲಿಸಹೊರಟ ರಾಣಿ ಅವಳ ಹೆತ್ತ ತಾಯಿ! 1819ರ ಆವೃತ್ತಿಯಲ್ಲಿ ಹೆತ್ತ ತಾಯಿ ಸತ್ತುಹೋಗಿ ಮಲತಾಯಿ ಬಂದು ಕೂತಳು. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲೂ ಮಕ್ಕಳನ್ನು ಕಾಡಿಗೆ ಅಟ್ಟುವವಳು ಮೊದಲು ಸ್ವಂತ ತಾಯಿಯೇ. 1840ರ ಆವೃತ್ತಿಯ ಹೊತ್ತಿಗೆ ಅವಳೂ ಮಲತಾಯಿಯಾದಳು. ಮನೆಮನೆಯ ಮಕ್ಕಳು ಓದುವ ಪುಸ್ತಕದಲ್ಲಿ ತಾಯಿ ಎಂಬ ಹೆಸರಿಗೆ ಕಳಂಕ ಬರಬಾರದು ಎಂದು ಹೀಗೆ ಮಾಡಿರಬೇಕು ಎನ್ನುತ್ತಾರೆ ಬಲ್ಲವರು. ಸಿಂಡರೆಲಾಳ ಮಲತಾಯಿ ಮೊದಲಿನಿಂದಲೂ ಇದ್ದವಳು, ಆ ಮಾತು ಬೇರೆ. ಆದರೆ ನನ್ನನ್ನು ಕಾಡಿದ ರಾಣಿ ಮಾತ್ರ ಲೇಖನಿಯ ತುದಿಯಲ್ಲಿ ಮಲತಾಯಿಯಾದವಳು. ಗಾಜಿನ ಮುಂದೆ ನಿಂತು ನನಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು.

ಮಧ್ಯಾಹ್ನ ಬುತ್ತಿ ಬಿಚ್ಚಿ ಊಟ ಮುಗಿಸಿ, ನೀಡರ್‌ಸ್ವೇರೆನ್‌ಗೆ ಟ್ರಾಮಿನಲ್ಲಿ ಹೋದೆವು. ಆಗ ಹಳ್ಳಿ, ಈಗ ನಗರದ ಒಂದು ಭಾಗ. ಮರದ ತೊಲೆಗಳ ಚೌಕಟ್ಟಿನ ಹಳೆಯ ಮನೆಗಳು ಇಲ್ಲಿ ಉಳಿದಿವೆ. ಡೊರೊತೇಯಾ ಫೀಮಾನ್ ಎಂಬಾಕೆ (1755–1815) ಇಲ್ಲಿದ್ದವಳು. ಹೋಟೆಲಿನವನ ಮಗಳು, ದರ್ಜಿಯ ಹೆಂಡತಿ. ತೋಟದ ಬೆಳೆಯನ್ನು ಕಾಸೆಲ್‌ಗೆ ಹೊತ್ತು ಮಾರಲು ಹೋದಾಗ, 1813ರಿಂದ, ಗ್ರಿಮ್ ಸಹೋದರರಿಗೆ ಮೂವತ್ತಕ್ಕೂ ಹೆಚ್ಚು ಕಥೆಗಳನ್ನು ಹೇಳಿದಳು. ಅದರಲ್ಲೊಂದು ರೈತನ ಜಾಣ ಮಗಳ ಕಥೆ. ರಾಜನ ಒಗಟು ಬಿಡಿಸಿ ರಾಣಿಯಾದವಳನ್ನು ಒಂದು ದಿನ ಅವನು ಸಿಟ್ಟಿನಿಂದ, ನಿನಗೆ ಅತಿ ಪ್ರಿಯವಾದ ಒಂದನ್ನು ಎತ್ತಿಕೊಂಡು ಹೋಗು ಎಂದು ತವರಿಗೆ ಅಟ್ಟುತ್ತಾನೆ. ಅವಳು ನಿದ್ದೆಯ ಮದ್ದು ಕುಡಿಸಿ ರಾಜನನ್ನೇ ಎತ್ತಿಕೊಂಡು ಹೋಗುತ್ತಾಳೆ! ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ರಾಜಕುಮಾರನಿಗಾಗಿ ಕಾಯುವವಳು ಜಗತ್ಪ್ರಸಿದ್ಧಳಾದಳು, ಈ ಜಾಣೆ ಹಿಂದುಳಿದಳು. ನಮ್ಮ 'ಹಂಚಿ'ಯ ಕಥೆ ನೆನಪಾಯಿತು. ಎ. ಕೆ. ರಾಮಾನುಜನ್ ಅದನ್ನು ಕನ್ನಡದ ಸಿಂಡರೆಲಾ ಎಂದು ಜಗತ್ತಿಗೆ ಪರಿಚಯಿಸಿದರು. ಅಲ್ಲಿ ಮುಖವಾಡ ಮಾಡಿಕೊಟ್ಟು ಮಗಳನ್ನು ಕಾಪಾಡುವವಳು ತಾಯಿ.

ಹಿಂತಿರುಗುವ ರೈಲಿನಲ್ಲಿ, ಹಳೆಯ ಕಥೆಗಳನ್ನು ತಿರುಗಿಸಿ ಹೇಳಿದ ಲೇಖಕಿಯರ ವಿಷಯ ಬಂತು. ಅಮೆರಿಕದ ಆನ್ ಸೆಕ್ಸ್‌ಟನ್ 1971ರಲ್ಲೇ ಗ್ರಿಮ್ ಕಥೆಗಳನ್ನು ಚುರುಕಾದ ಕವನಗಳನ್ನಾಗಿಸಿದಳು. ಇಂಗ್ಲೆಂಡಿನ ಏಂಜೆಲಾ ಕಾರ್ಟರ್ 1979ರಲ್ಲಿ ಬರೆದ ನೀಲಿಗಡ್ಡದವನ ಕಥೆಯಲ್ಲಿ ಮದುಮಗಳನ್ನು ಉಳಿಸಲು ಬರುವವರು ಅಣ್ಣಂದಿರಲ್ಲ. ಕುದುರೆಯೇರಿ ಬರುವ ತಾಯಿ. "ಹಳೆಯ ಕಥೆಗಳನ್ನು ಇವರು ಕೆಡಿಸಿದರು" ಎಂದು ನಾನೂ ಒಂದು ಕಾಲಕ್ಕೆ ಗೊಣಗಿದವಳೇ. ಕಾಸೆಲ್ ನೋಡಿದ ಮೇಲೆ ಹಾಗೆನ್ನಲು ಬಾಯಿ ಬಾರದು. ಗಂಡಸರು ತಿದ್ದಿದ್ದನ್ನು ಹೆಂಗಸರು ಮತ್ತೆ ತಿದ್ದಿದರೆ ಅದು ಹೇಗೆ ತಪ್ಪಾದೀತು?

ಮಗಳು ಚೀಲದಿಂದ ಒಂದು ಪುಸ್ತಕ ತೆಗೆದುಕೊಟ್ಟಳು. ಐರ್ಲೆಂಡಿನಲ್ಲಿ ಹುಟ್ಟಿದ ಎಮ್ಮಾ ಡಾನಹ್ಯೂ 1997ರಲ್ಲಿ ಪ್ರಕಟಿಸಿದ 'ಕಿಸ್ಸಿಂಗ್ ದ ವಿಚ್'. ಅದರ ಸೇಬಿನ ಕಥೆಯಲ್ಲಿ ಮಲತಾಯಿ ತಂದ ಸೇಬಿನಲ್ಲಿ ವಿಷವೇ ಇಲ್ಲ. ಎಚ್ಚರಾದ ಹುಡುಗಿ ಪೆಟ್ಟಿಗೆಯಿಂದಿಳಿದು ಅರಮನೆಯ ದಾರಿ ಹಿಡಿಯುತ್ತಾಳೆ.

ಓದಿ ಮುಗಿಸಿ ಸುಮ್ಮನೆ ಕೂತಿದ್ದೆ. ಅವಳೇ ಹೇಳಿದಳು: "ಆವತ್ತು ನೀನು ಆ ಪದ ಬಿಟ್ಟು ಓದಿದ್ದು ನನಗೆ ಗೊತ್ತಾಗಿತ್ತು ಚಿಕ್ಕಮ್ಮಾ. ನನಗೂ ಅಷ್ಟೋ ಇಷ್ಟೋ ಓದಲು ಬರ್ತಿತ್ತಲ್ಲ."

"ಮತ್ತೆ ಸೇಬು ಯಾಕೆ ತಿನ್ನಲಿಲ್ಲ?"

"ನೀನು ಮೊದಲು ತಿಂತೀಯೋ ಇಲ್ಲವೋ ನೋಡಬೇಕಿತ್ತು."

ಇಬ್ಬರೂ ನಕ್ಕೆವು. ಮೂವತ್ತು ವರ್ಷ ನಾವಿಬ್ಬರೂ ಆಡದೆ ಇಟ್ಟುಕೊಂಡಿದ್ದ ಮಾತು ಅದು. ಗೆಳತಿಯರೇ, ನಿಮ್ಮಲ್ಲಿ ಯಾರಾದರೂ ಜರ್ಮನಿಗೆ ಹೋದರೆ ರೈನ್ ನದಿಯ ದೋಣಿ ತಪ್ಪಿದರೂ ಚಿಂತೆಯಿಲ್ಲ, ಒಂದು ದಿನ ಕಾಸೆಲ್‌ಗೆ ಹೋಗಿ ಬನ್ನಿ.