ಅಕ್ಕಿ ಇದೆ, ಅಪ್ಪಣೆ ಇಲ್ಲ

ಜೊಯಿಡಾದ ಕಾಡುಹಳ್ಳಿಗಳಿಗೆ ಇದು ಹೊಸತಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯಿದೆ, ತಕ್ಕಡಿಯಿದೆ, ಚೀಲ ಹಿಡಿದ ಅಜ್ಜಿಯೂ ಇದ್ದಾಳೆ. ಆಕೆಯ ಹೆಬ್ಬೆಟ್ಟಿಗೆ ದೂರದ ಸರ್ವರ್ 'ಹೌದು' ಎನ್ನಬೇಕಷ್ಟೆ. "ಸರ್ವರ್ ಇಲ್ಲ, ನಾಳೆ ಬರ್ರಿ ಅಜ್ಜಿ!"

ಸರ್ವರನ್ನು ಬೈಯುವುದು ಸುಲಭ. ದೋಷವನ್ನು ಮಾತ್ರ ಕೆಳಗಿನಿಂದಲೇ ಹುಡುಕಬೇಕು. ಯಂತ್ರಕ್ಕೆ ಸಿಗ್ನಲ್ ಇದೆಯೇ? ಟವರಿಗೆ ಕರೆಂಟಿದೆಯೇ? ಮಳೆಗೆ ಕೇಬಲ್ ತುಂಡಾಯಿತೇ? ಗುಡ್ಡ ಹತ್ತಿದೊಡನೆ ಹೆಬ್ಬೆಟ್ಟು ಒಪ್ಪಿತವಾದರೆ ಸರ್ವರ್ ನಿರಪರಾಧಿ. ದಾಂಡೇಲಿ, ಹಳಿಯಾಳ, ಮುಂಡಗೋಡದಲ್ಲೂ ಅದೇ ಹೊತ್ತಿಗೆ ನಿಂತಿದ್ದರೆ ಆಗ ಮೇಲೆ ನೋಡಬೇಕು.

ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ ತಂತ್ರಾಂಶದಲ್ಲಿ ಯಜಮಾನನ ಸಂಪರ್ಕ ಕಡಿದರೂ ಸಾಮಾನ್ಯವಾಗಿ ನಡೆಯುತ್ತಿದ್ದ ಕೆಲಸ ನಿಲ್ಲುವುದಿಲ್ಲ. ಹೊಸ ಅಪ್ಪಣೆಗಳಷ್ಟೇ ಕಾಯುತ್ತವೆ. ಯಂತ್ರಗಳಿಗೆ ಕೊಟ್ಟ ಈ ವಿಶ್ವಾಸ, ತಿಂಗಳು ತಿಂಗಳೂ ಅದೇ ಅಂಗಡಿಗೆ ಬರುವ ಅಜ್ಜಿಗೂ ಸಲ್ಲಬೇಡವೇ?