ಬೆಳ್ಳಿಯೂ ವೆಳ್ಳಿಯೂ

ಎಣ್ಣೂರಿನ ನಮ್ಮ ಮನೆಗೆ ಬೆಳ್ಳಿ ಬಂದಾಗ ಅವಳಿಗೆ ಎರಡು ತಿಂಗಳು. ಹಾಲಿನಂಥ ಮೈ, ನಸುಗೆಂಪು ಮೂಗು. ರಾಜಪಾಳೆಯಂ ತಳಿಯ ಹೆಣ್ಣು ಮರಿ. ಕರೆದರೆ ಮಾತ್ರ ಬರುತ್ತಿರಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದ ಎದುರುಮನೆಯ ಹಿರಿಯರು ನಕ್ಕರು: “ಅದು ತಮಿಳುನಾಡಿನ ನಾಯಿ ಸಾರ್. ಬೆಳ್ಳಿ ಅಂದರೆ ಅದಕ್ಕೆ ಹೇಗೆ ತಿಳಿಯಬೇಕು? ವೆಳ್ಳಿ ಅನ್ನಿ.” ನಮ್ಮ ಬಕಾರ ತಮಿಳಿನಲ್ಲಿ ವಕಾರವಾಗುವುದು ಹೊರನಾಡಿನಲ್ಲಿರುವ ನಮಗೆ ಹೊಸತಲ್ಲ. ವೆಳ್ಳಿ ಎಂದೂ ಕರೆದೆವು. ಆಗಲೂ ಬರಲಿಲ್ಲ.

ಒಂದು ಮಧ್ಯಾಹ್ನ ಬಂದರಿನ ಕಡೆಗೆ ಹೊರಟಿದ್ದ ಕಂಟೇನರ್ ಲಾರಿಯ ಟೈರು ಬೀದಿಯ ತಿರುವಿನಲ್ಲಿ ಸಿಡಿಯಿತು. ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಕಿಟಕಿಯ ಕೆಳಗೆ ಮಲಗಿದ್ದ ಬೆಳ್ಳಿ ಕಿವಿಯನ್ನೂ ಅಲುಗಿಸಲಿಲ್ಲ. ಅಲ್ಲಿಯವರೆಗೆ ನಾವು ಭಾಷೆಯ ತೊಡಕೆಂದು ತಮಾಷೆ ಮಾಡಿಕೊಂಡಿದ್ದುದು ಕಿವಿಯದಾಗಿತ್ತು.

ಪಶುವೈದ್ಯರು ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದು ನೋಡಿದರು. ಹುಟ್ಟುಕಿವುಡು, ಈ ತಳಿಯಲ್ಲಿ ಇದು ಅಪರೂಪವಲ್ಲ ಎಂದರು. ಅವರು ತಿಳಿಸಿದ ಕಾರಣ ಇದು: ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲಿಯೂ ಇರುತ್ತವೆ. ಅಲ್ಲಿನ ದ್ರವದ ಸಮತೋಲ ಕಾಯುವುದು ಅವುಗಳ ಕೆಲಸ. ಗರ್ಭದಲ್ಲಿ ಅವು ಅಷ್ಟು ದೂರ ತಲುಪದೆ ಹೋದರೆ, ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಡಾಲ್ಮೇಷಿಯನ್ ನಾಯಿಗಳದೂ ಇದೇ ಕಥೆ. ಅಮೆರಿಕದಲ್ಲಿ ಪರೀಕ್ಷಿಸಿದ ಆ ತಳಿಯ ನಾಯಿಗಳಲ್ಲಿ ನೂರಕ್ಕೆ ಸುಮಾರು 30ಕ್ಕೆ ಒಂದು ಕಿವಿಯೋ ಎರಡೂ ಕಿವಿಯೋ ಕೇಳಿಸುವುದಿಲ್ಲ. ಒಂದು ಕಿವಿ ಕೇಳುವ ನಾಯಿ ಎಲ್ಲರ ಕಣ್ಣಿಗೂ ಆರೋಗ್ಯವಂತ. ಅದು ಮರಿ ಹಾಕುತ್ತದೆ. ದೋಷ ಸದ್ದಿಲ್ಲದೆ ಮುಂದಿನ ತಲೆಮಾರಿಗೆ ದಾಟುತ್ತದೆ.

2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಿತು. ನಮ್ಮ ಮುಧೋಳವೂ ಇಲ್ಲಿಯ ರಾಜಪಾಳೆಯಮ್ಮೂ ಅವುಗಳಲ್ಲಿ ಇದ್ದವು. ಹುಟ್ಟಿದ ನಾಡು, ಬಾಳುತ್ತಿರುವ ನಾಡು ಎರಡಕ್ಕೂ ಸಂದ ಗೌರವವೆಂದು ನಾನು ಅವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಬೆಳ್ಳಿಯನ್ನು ತಂದದ್ದೂ ಆ ಅಭಿಮಾನದಿಂದಲೇ. ಆದರೆ ಅಚ್ಚ ಬಿಳಿಯೇ ಬೇಕೆಂದು ತಲೆಮಾರುಗಳಿಂದ ಆರಿಸಿದವರು, ಬೇರೆ ಬಣ್ಣದ ಮರಿಗಳನ್ನು ತೊರೆದವರು ನಾವೇ, ಮನುಷ್ಯರೇ. ಮರಿಯನ್ನು ಆರಿಸುವಾಗ ನಾನೂ ಮೈಯ ಮೇಲೆ ಚುಕ್ಕೆಯಿದೆಯೇ ಎಂದು ತಿರುಗಿಸಿ ನೋಡಿದ್ದೆ. ಚಪ್ಪಾಳೆ ತಟ್ಟಿ ನೋಡಿರಲಿಲ್ಲ.

ಬೆಳ್ಳಿಗೆ ಎರಡು ವರ್ಷ ತುಂಬಿದಾಗ ಒಬ್ಬರು ಮನೆಗೆ ಬಂದರು. ಅವರದು ಅದೇ ತಳಿಯ ಗಂಡು. ಅಚ್ಚ ಬಿಳಿ ಮರಿಗಳಿಗೆ ಒಳ್ಳೆಯ ಬೆಲೆಯಿದೆ, ಅರ್ಧ ನಿಮಗೆ ಎಂದರು. ಅವಳು ಕಿವುಡಿ ಎಂದೆ. “ಎಲ್ಲ ಮರಿಗಳೂ ಹಾಗಾಗುವುದಿಲ್ಲ ಸಾರ್” ಎಂದರು. ಹಾಗಾದ ಮರಿಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಕಾಫಿ ಲೋಟವನ್ನು ಕೆಳಗಿಟ್ಟರು, ಉತ್ತರಿಸಲಿಲ್ಲ. ನನ್ನ ಮಗಳಿಗೆ ಮಾತ್ರ ಬೆಳ್ಳಿಯ ಒಂದು ಮರಿಯಾದರೂ ಬೇಕಿತ್ತು. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮುಂದಿನ ವಾರ ಬೆಳ್ಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು.

ತಳಿ ಅಳಿಯಲಿ ಎಂದಲ್ಲ. ಮರಿಗಳ ಶ್ರವಣವನ್ನು ಯಂತ್ರದಿಂದ ಅಳೆಯುವ ಪರೀಕ್ಷೆಯಿದೆ. ಐದಾರು ವಾರಗಳಿಗೇ ಒಂದೊಂದು ಕಿವಿಯನ್ನೂ ಬೇರೆಯಾಗಿ ಪರೀಕ್ಷಿಸಬಹುದು. ಎರಡೂ ಕಿವಿ ಕೇಳುವ ನಾಯಿಗಳನ್ನೇ ಕೂಡಿಸಿದರೆ ಕಿವುಡು ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ. ಚುಕ್ಕೆಯ ಮರಿಗೂ ಮನೆಯಲ್ಲಿ ಜಾಗ ಸಿಗಬೇಕು, ಅಷ್ಟೆ.

ಬೆಳ್ಳಿಗೆ ಈಗ ಆರು ವರ್ಷ. ಹಗ್ಗವಿಲ್ಲದೆ ಅವಳನ್ನು ಬೀದಿಗೆ ಬಿಡುವುದಿಲ್ಲ. ಲಾರಿಯ ಹಾರನ್ನು ಅವಳಿಗೆ ಇಲ್ಲ. ಮಲಗಿದ್ದಾಗ ಬೆಚ್ಚದಂತೆ ನೆಲವನ್ನು ಕಾಲಿನಿಂದ ತಟ್ಟಿ ಎಬ್ಬಿಸುತ್ತೇವೆ. ಕತ್ತಲಾದರೆ ಟಾರ್ಚು ಮಿಟುಕಿಸಿ ಕರೆಯುತ್ತೇವೆ. ಅಂಗೈ ಎತ್ತಿದರೆ ಕೂರುತ್ತಾಳೆ, ಎದೆಗೆ ಕೈಯಿಟ್ಟರೆ ಓಡಿ ಬರುತ್ತಾಳೆ. ಎದುರುಮನೆಯ ಹಿರಿಯರೂ ಇದನ್ನು ಕಲಿತಿದ್ದಾರೆ. ಬೆಳ್ಳಿಯೋ ವೆಳ್ಳಿಯೋ ಎಂಬ ಚರ್ಚೆ ಈಗ ಅವರಿಗಿಲ್ಲ. ಸಂಜೆ ಗೇಟಿನ ಬಳಿ ನಿಂತು, ಏನೂ ಹೇಳದೆ, ಎದೆಗೆ ಕೈಯಿಡುತ್ತಾರೆ.